ಕಾಲು ತೆಗೆದರೆ ನಿಲ್ಲುವ ಗಾಡಿ

ನ್ಯೂಮಾರ್ಕೆಟ್ ಆಸ್ಪತ್ರೆಗೆ ಹೊರಟಿದ್ದೇವೆ. ಮೊನ್ನೆ ಹುಟ್ಟಿದ ಮೊಮ್ಮಗಳನ್ನು ಇದುವರೆಗೆ ಫೋನಿನಲ್ಲಿ ಮಾತ್ರ ನೋಡಿದ್ದೇನೆ. ಕೂತಲ್ಲಿ ಕೂರಲಾಗುತ್ತಿಲ್ಲ. ರಿಚ್ಮಂಡ್ ಹಿಲ್ ದಾಟಿದ ಮೇಲೆ ಒಂದು ಇಳಿಜಾರು. ಮಗಳಿರುವ ಈ ಪರದೇಶದವರು ಗ್ಯಾಸ್ ಎನ್ನುವ ಆಕ್ಸಿಲರೇಟರಿನಿಂದ ಅಳಿಯ ಹರೀಶ ಕಾಲು ತೆಗೆದದ್ದೇ ತಡ, ಪಿಕಪ್ಪು ಗುರ್ರೆಂದು ತಾನಾಗಿಯೇ ನಿಧಾನವಾಯಿತು.

"ಮಾವ, ನಾನು ಬ್ರೇಕ್ ಮುಟ್ಟಲೇ ಇಲ್ಲ! ಎಂತದೋ ಪ್ರಾಬ್ಲಮ್ ಉಂಟು. ಗ್ಯಾರೇಜಿಗೆ ತೋರಿಸಿ ಮತ್ತೆ ಹೋಗುವ."

ಗ್ಯಾರೇಜೆಂದರೆ ಮಗುವನ್ನು ನೋಡುವುದು ನಾಳೆಗೆ. ಆದರೆ ಆ ಸದ್ದು ನನಗೆ ಗೊತ್ತು. ಊರಲ್ಲಿ ನಾನು ಲೋಡು ತುಂಬಿದ ಲಾರಿಯನ್ನು ಶಿರಾಡಿ ಘಾಟಿ ಇಳಿಸುವಾಗ ಸೆಕೆಂಡ್ ಗೇರಿಗೆ ಹಾಕಿದರೆ ಇಂಜಿನ್ ಹೀಗೆಯೇ ಗಾಡಿಯನ್ನು ಹಿಡಿದುಕೊಳ್ಳುತ್ತಿತ್ತು.

"ನಿನ್ನೆ ಲೋಡು ಎಳೆದಿದ್ದಿಯಾ ಮಾರಾಯ?"

"ಹೌದು, ತೊಟ್ಟಿಲು, ಕಪಾಟು ಎಲ್ಲ ಎಟೋಬಿಕೋಕಿಂದ ಟ್ರೇಲರಲ್ಲಿ ತಂದದ್ದು. ಅಯ್ಯೋ, ಟ್ರೇಲರಿನ ಬಟನ್ ಆಫ್ ಮಾಡ್ಲೇ ಇಲ್ಲ!"

ಹಿಂದೆ ಏನೂ ಇಲ್ಲದಿದ್ದರೂ ಗಾಡಿ ಭಾರ ಇದೆ ಎಂದುಕೊಂಡು ಇಳಿಜಾರಿನಲ್ಲಿ ಇಂಜಿನ್ನಿನಿಂದಲೇ ತನ್ನನ್ನು ತಡೆದುಕೊಳ್ಳುತ್ತಿತ್ತು. ಹರೀಶ ಬಟನ್ ಒತ್ತಿದ. ಪಿಕಪ್ಪು ಹಗುರವಾಗಿ ಮುಂದೆ ಸಾಗಿತು.

ಸ್ವಲ್ಪ ಹೊತ್ತಿಗೆ ಅವನು ನನ್ನ ಕಾಲಿನ ಕಡೆ ನೋಡಿ ನಗತೊಡಗಿದ.

"ಮಾವ, ನಿಮ್ಮ ಬದಿಯಲ್ಲಿ ಗ್ಯಾಸ್ ಇಲ್ಲ."

ನನ್ನ ಬಲಗಾಲು ಮ್ಯಾಟನ್ನು ಒತ್ತಿ ಹಿಡಿದಿತ್ತು. ತೆಗೆಯಲು ಮನಸ್ಸಾಗಲಿಲ್ಲ.