ಬಣ್ಣದ ಮೇಲೆ ಬಿಗಿದ ಬೋಲ್ಟು

ನಮ್ಮ ಯಜಮಾನರು ಬಲ್ಬು ಕದ್ದಿರಲಿಲ್ಲ. ಬಸ್ಸಿಗೆ ಯಾರ ದೃಷ್ಟಿಯೂ ತಾಗಿರಲಿಲ್ಲ. ದೀಪ ಕೆಡಿಸಿದ್ದು ಬಣ್ಣ, ಆ ಬಣ್ಣದ ಮೇಲೆ ಬೋಲ್ಟು ಬಿಗಿದವರು ಲೈಟ್ ಮೇಸ್ತ್ರಿ. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಜನ ಸೇರಿಸಿಕೊಂಡದ್ದು.

ಮೊನ್ನೆ ಮೊಮ್ಮಗಳು ಕಬ್ಬಿಣದ ಗೇಟಿಗೆ ಬಣ್ಣ ಹೊಡೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೆರಗು ಮೂಗಿಗೆ ಹಿಡಿದು ಎದ್ದೆ. "ಯಾಕಜ್ಜಿ, ವಾಸನೆ ಆಗಲ್ವಾ?" ಅಂದಳು. ಆಗಲ್ಲ ಕಣೇ ಅಂದು ಒಳಗೆ ಬಂದು ಕೂತೆ. ಕೂತರೆ ಆ ನೆನಪು ಬಿಡುತ್ತದೆಯೇ...

ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿತ್ತು, ನನಗೆ ಮದುವೆಯಾದ ಹೊಸತು. ಲಷ್ಕರ್ ಮೊಹಲ್ಲಾದಲ್ಲಿ ನಮ್ಮ ವಠಾರದ ಎದುರಿಗೇ ಮೇಸ್ತ್ರಿಯ ಅಂಗಡಿ. ಬಸ್ಸಿನ ದೀಪ ಕೆಡಲಿ, ಸೈಕಲ್ಲಿನ ದೀಪ ಕೆಡಲಿ, ಅಲ್ಲಿಗೇ ಬರಬೇಕು. ಗಿಡ್ಡ ಮನುಷ್ಯ, ದೊಡ್ಡ ಬಾಯಿ. "ನನ್ ಕೈಲಿ ಹತ್ತದೇ ಇರೋ ದೀಪ ಮೈಸೂರಲ್ಲಿ ಇನ್ನೂ ಹುಟ್ಟಿಲ್ಲ ಕಣ್ರೀ" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ನಾನು ಕೊಡ ಹೊತ್ತು ನಲ್ಲಿಗೆ ಹೊರಟರೆ, "ಏನ್ ಡ್ರೈವರಮ್ಮ, ಹಾರನ್ ಹೊಡೀದೇ ಹೊಂಟ್ಬುಟ್ಟೆ?" ಅನ್ನುವರು. ಆ ಜಂಬ ಕಂಡರೆ ನನಗಾಗುತ್ತಿರಲಿಲ್ಲ. ತಿರುಗಿಯೂ ನೋಡುತ್ತಿರಲಿಲ್ಲ.

ಯಜಮಾನರು ಒಬ್ಬ ಸಾಹುಕಾರರ ಬಸ್ಸನ್ನು ಮಂಡಕಳ್ಳಿ ಕಡೆಯ ಹಳ್ಳಿಗಳಿಗೆ ಓಡಿಸುತ್ತಿದ್ದರು. ಆ ವರ್ಷ ಆಯುಧಪೂಜೆಗೆ ಬಸ್ಸು ಹೊಸದರ ಹಾಗೆ ಕಾಣಬೇಕೆಂದು ಸಾಹುಕಾರರು ಮುಂದೆ ನಿಂತು ಹಸಿರು ಬಣ್ಣ ಹೊಡೆಸಿದರು. ಮುಂದಿನ ಎರಡು ದೀಪ ಬಿಚ್ಚಿಟ್ಟು, ಬಣ್ಣ ಆರಿದ ಮೇಲೆ ಮತ್ತೆ ಕೂರಿಸಿದವರು ಮೇಸ್ತ್ರಿ. ಹಬ್ಬದ ಗಡಿಬಿಡಿ, ಅಂಗಡಿ ಮುಂದೆ ಗಾಡಿಗಳ ಸಾಲು. ಸಾಹುಕಾರರು ಕೊಟ್ಟ ಹೊಸ ಬಲ್ಬುಗಳನ್ನು ಹಾಕಿದವರು ನಮ್ಮವರು.

ಪೂಜೆಯ ದಿನ ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದರು. ಮಂಗಳಾರತಿ ಆದಮೇಲೆ ಸಾಹುಕಾರರು, "ದೀಪ ಹಾಕೋ, ನೋಡೋಣ" ಅಂದರು. ಹಾಕಿದರೆ, ಎರಡೂ ಆರುವ ಕೆಂಡದ ಹಾಗೆ ಕೆಂಪಗೆ ಮಿಣುಕಿದವು. ದೃಷ್ಟಿಯಾಗಿದೆ ಅಂತ ಯಾರೋ ಅಂದರು.

"ದೃಷ್ಟಿ ಅಲ್ಲ, ಹಳೇ ಬಲ್ಬು ಇವು. ಹೊಸವು ಎಲ್ಲಿ ಮಾರ್ಕೊಂಡ್ಯೋ?" ಅಂದರು ಸಾಹುಕಾರರು.

"ತಾಯಾಣೆ ಬುದ್ಧೀ, ನಾನು..."

"ಆಣೆ ಗೀಣೆ ನನ್ಹತ್ರ ಬೇಡ. ಸಾಯಂಕಾಲ ಬರ್ತೀನಿ. ಬಲ್ಬು ತಂದಿಟ್ಟಿರು, ಇಲ್ಲ ಠಾಣೆಗೆ ನಡಿ."

ಕಳ್ಳ ಅನ್ನಿಸಿಕೊಂಡ ಡ್ರೈವರಿಗೆ ಊರಲ್ಲಿ ಇನ್ಯಾರೂ ಬಸ್ಸು ಕೊಡುವುದಿಲ್ಲ. ಇವರು ಬಸ್ಸನ್ನು ಮೇಸ್ತ್ರಿಯ ಅಂಗಡಿ ಮುಂದೆ ತಂದು ನಿಲ್ಲಿಸಿದರು. ಅಲ್ಲಿ ನೋಡಿದರೆ ಸ್ಪ್ಯಾನರು, ಕಟಿಂಗ್ ಪ್ಲೇಯರು, ಚಾಕು ಎಲ್ಲ ಪಟದ ಮುಂದೆ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಕೂತಿವೆ. "ಪೂಜೆಗಿಟ್ಟದ್ದ ಇವತ್ತು ಎತ್ತಂಗಿಲ್ಲ. ನಾಳೆ ಬಾರಪ್ಪ" ಅಂದರು ಮೇಸ್ತ್ರಿ. ಇವರು ತಲೆ ತಗ್ಗಿಸಿ ನಿಂತುಬಿಟ್ಟರು. ನಾನು ಬೀದಿ ದಾಟಿದೆ.

"ನಾಳೆ ಹೊತ್ಗೆ ಇವರು ಠಾಣೇಲಿರ್ತಾರೆ. ದಿನಾ ಕೂಗ್ತೀರಲ್ಲ, ಈಗ ಹತ್ಸಿ, ನೋಡಣ."

ನಾನು ಅವರ ಹತ್ತಿರ ಆಡಿದ ಮೊದಲ ಮಾತು ಅದು. ಮೇಸ್ತ್ರಿ ಪಟಕ್ಕೆ ಕೈಮುಗಿದರು. ಆಮೇಲೆ ಸ್ಪ್ಯಾನರನ್ನು ಕಣ್ಣಿಗೊತ್ತಿಕೊಂಡು ಎತ್ತಿದರು.

ಮೊದಲು ಬಲ್ಬು ಬಿಚ್ಚಿ, ಎರಡು ತಂತಿಯಲ್ಲಿ ನೇರ ಬ್ಯಾಟರಿಗೆ ಹಿಡಿದರು. ಕಣ್ಣು ಕೋರೈಸುವ ಹಾಗೆ ಹತ್ತಿತು. "ಬಲ್ಬು ಹೊಸದೇ. ಬ್ಯಾಟ್ರಿನೂ ಸರ್ಯಾಗದೆ." ವೈರು ತಡಕಿದರು, ಸ್ವಿಚ್ಚು ನೋಡಿದರು, ಏನೂ ಸಿಗಲಿಲ್ಲ. ಬಿಸಿಲು ಇಳಿಯುತ್ತಿತ್ತು. ಕೊನೆಗೆ ಬಲ್ಬನ್ನು ಮತ್ತೆ ಹಾಕಿ, ಒಂದು ತಂತಿಯ ತುದಿಯನ್ನು ದೀಪದ ಕಬ್ಬಿಣದ ಡೋಮಿಗೂ ಇನ್ನೊಂದನ್ನು ಎಂಜಿನ್ನಿನ ಕಬ್ಬಿಣಕ್ಕೂ ಒತ್ತಿದರು. ದೀಪ ಭಗ್ಗನೆ ಬೆಳಗಿತು. ತಂತಿ ತೆಗೆದರೆ ಮತ್ತೆ ಮಿಣುಕು.

"ಅರ್ತ್ ಸಿಕ್ತಿಲ್ಲ" ಅಂದರು. ಕರೆಂಟು ವೈರಿನಲ್ಲಿ ಬಂದು, ಬಲ್ಬು ಉರಿಸಿ, ಬಸ್ಸಿನ ಕಬ್ಬಿಣದ ಮೈಯಿಂದಲೇ ಬ್ಯಾಟರಿಗೆ ವಾಪಸ್ಸು ಹೋಗಬೇಕಂತೆ. ಆ ದಾರಿ ಕಟ್ಟಿಹೋಗಿತ್ತು. ದೀಪ ಕೂರಿಸಿದ ಬೋಲ್ಟು ಬಿಚ್ಚಿದರು. ಕಬ್ಬಿಣ ಕಬ್ಬಿಣಕ್ಕೆ ತಾಗಬೇಕಾದ ಕಡೆ ಹಸಿರು ಬಣ್ಣ ದಪ್ಪಗೆ ಕೂತಿತ್ತು. ಕೆರೆದು ತೆಗೆಯದೆ ಅದರ ಮೇಲೇ ಬಿಗಿದಿದ್ದರು. ಬಿಗಿದವರು ಯಾರು ಅಂತ ಕೇಳಬೇಕಾಗಿರಲಿಲ್ಲ, ಅವರ ಮುಖವೇ ಹೇಳುತ್ತಿತ್ತು. ಚಾಕುವಿನಲ್ಲಿ ಕೆರೆದು ಬಿಗಿದರು. ಒಂದು ದೀಪ ಸರಿಹೋಯಿತು.

"ಹೆಂಗೋ ಹತ್ತಿತಲ್ಲ. ಅದನ್ನೂ ಮಾಡ್ಬುಡಿ ಅಣ್ಣ, ಸಾಕು" ಅಂದರು ನಮ್ಮವರು.

"ಏನ್ ಸಾಕು? ಎರಡೂ ಹತ್ತಿದ್ರೆ, ಹೊಸ ಬಲ್ಬು ವಾಪಸ್ ತಂದು ಹಾಕವ್ನೆ ಕಳ್ಳ ಅಂತಾರೆ. ಏನಾಗಿತ್ತು ಅಂತ ಮೇಸ್ತ್ರಿಗಳೇ ಹೇಳ್ಬೇಕು" ಅಂದೆ.

"ಹೇಳಿದ್ರೆ ಸಾಹುಕಾರ್ರ ಬಸ್ಸು ಒಂದೂ ನನ್ ಅಂಗಡಿಗೆ ಬರಕಿಲ್ಲ ಕಣಮ್ಮ. ನಂಗೂ ಸಂಸಾರ ಅದೆ."

ಆ ಮನುಷ್ಯ ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಆವತ್ತೇ. ಚಾಕು ಹಿಡಿದು ಎರಡನೆಯ ದೀಪದ ಮುಂದೆ ಕೂತರು. ಅದನ್ನೂ ಕೆರೆದುಬಿಟ್ಟರೆ ತೋರಿಸಲು ಏನೂ ಉಳಿಯುವುದಿಲ್ಲ. ಅಷ್ಟರಲ್ಲಿ ಬೀದಿ ತಿರುವಿನಲ್ಲಿ ಸಾಹುಕಾರರ ಕಾರಿನ ಸದ್ದು. ಮೇಸ್ತ್ರಿಯ ಕೈ ನಿಂತಿತು.

ಸಾಹುಕಾರರು ಇಳಿದು ನೋಡಿದರು. ಒಂದು ದೀಪ ಉರಿಯುತ್ತಿದೆ, ಒಂದು ಮಿಣುಕುತ್ತಿದೆ.

"ಒಂದು ತಂದು ಹಾಕ್ದ್ಯಾ? ಇನ್ನೊಂದೆಲ್ಲೋ?"

ಮೇಸ್ತ್ರಿ ಎದ್ದು ನಿಂತರು.

"ಬಲ್ಬಿನ ಮಾತು ಬುಡಿ ಬುದ್ಧೀ. ಇಲ್ಲಿ ಬನ್ನಿ."

ಅವರ ಕಣ್ಣೆದುರಿಗೇ ಬೋಲ್ಟು ಬಿಚ್ಚಿ ಬಣ್ಣ ತೋರಿಸಿದರು. ಕೆರೆದರು, ಬಿಗಿದರು. ಬಲ್ಬು ಮುಟ್ಟಲಿಲ್ಲ. ದೀಪ ಪೂರ್ತಿ ಹತ್ತಿತು. "ಬಣ್ಣದ ಮ್ಯಾಲೆ ಬಿಗಿದವ್ನು ನಾನು. ಇವನ್ದೇನೂ ತಪ್ಪಿಲ್ಲ."

ಸಾಹುಕಾರರು ನಮ್ಮವರ ಮುಖವನ್ನೂ ನೋಡಲಿಲ್ಲ. "ಇನ್ಮೇಲೆ ನನ್ ಗಾಡಿ ಯಾವ್ದೂ ಇಲ್ಲಿಗೆ ಬರಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಕಾರು ಹತ್ತಿದರು.

ಹೇಳಿದ ಹಾಗೇ ಮಾಡಿದರು. ಅವರನ್ನು ನೋಡಿ ಬೇರೆ ಬಸ್ಸಿನವರೂ ಬಿಟ್ಟರು. ಮೇಸ್ತ್ರಿ ಕೆಲವು ವರ್ಷ ಹೇಗೋ ತಳ್ಳಿ, ಅಂಗಡಿ ಮುಚ್ಚಿ ಹೂಟಗಳ್ಳಿಯ ಕಡೆ ನೆಂಟರ ಹತ್ತಿರ ಹೋದರು. ತೀರಿಕೊಂಡ ಸುದ್ದಿ ನಮಗೆ ಮುಟ್ಟುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಈಗ ಆ ಜಾಗದಲ್ಲಿ ಮೊಬೈಲ್ ಮಾರುತ್ತಾರೆ. ಯಜಮಾನರೂ ಹೋದರು. ಆ ಸಾಯಂಕಾಲವನ್ನು ಕಂಡವರಲ್ಲಿ ಉಳಿದಿರುವುದು ನಾನೊಬ್ಬಳೇ. ಗೇಟಿನ ಬಣ್ಣ ಒಣಗಿದೆ, ವಾಸನೆ ಇನ್ನೂ ಇದೆ...

ಆ ಪೂಜೆಯ ಮಾರನೆಯ ಬೆಳಿಗ್ಗೆ ಯಜಮಾನರು, "ಆ ಅಂಗಡಿ ಕಡೆ ಹೋಗ್ಬೇಡ, ಸಾಹುಕಾರ್ರಿಗೆ ಗೊತ್ತಾದ್ರೆ ಕಷ್ಟ" ಎಂದು ಹೇಳಿ ಬಸ್ಸು ತೆಗೆದುಕೊಂಡು ಹೋದರು. ಬಸ್ಸು ತಿರುವು ದಾಟುವವರೆಗೆ ಕಾದೆ. ಸೆರಗು ಸಿಕ್ಕಿಸಿ, ಗೋಡೆಗೆ ಒರಗಿಸಿದ್ದ ಅವರ ಸೈಕಲ್ಲನ್ನು ತಳ್ಳಿಕೊಂಡು ಬೀದಿ ದಾಟಿದೆ. ವಠಾರದವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಂಗಡಿ ಮುಂದೆ ಒಂದು ಗಾಡಿಯೂ ಇರಲಿಲ್ಲ.

"ಇದರ ದೀಪ ಮಿಣಕ್ ಅಂತದೆ. ನೋಡಿ" ಅಂದೆ.

ಮೇಸ್ತ್ರಿ ಹಿಂದಿನ ಚಕ್ರ ಎತ್ತಿ ಗಿರ್ರನೆ ತಿರುಗಿಸಿದರು. ಡೈನಮೊ ದೀಪ ಬೆಳ್ಳಗೆ ಹತ್ತಿತು.

"ಚೆನ್ನಾಗೇ ಅದಲ್ಲಮ್ಮ ಇದು."

"ಬಿಚ್ಚಿ ಸರ್ಯಾಗ್ ನೋಡಿ ಮೇಸ್ತ್ರಿಗಳೇ" ಅಂದೆ, ಬೀದಿಗೆಲ್ಲ ಕೇಳುವ ಹಾಗೆ.