ಹೆಂಚು ಹೊದಿಸದೆ ಗುಲಾಲು ಇಲ್ಲ

ನಿಪ್ಪಾಣಿಗೆ ಸೊಸೆಯಾಗಿ ಬರುವವರೆಗೆ ನಾನು ಫುಟ್‌ಬಾಲ್ ಕಂಡವಳೇ ಅಲ್ಲ. ನನ್ನ ತವರು ಅಂಕಲಿ. ಅಲ್ಲಿ ಗಂಡುಹುಡುಗರ ಆಟವೆಂದರೆ ಒಂದು ಕುಸ್ತಿ, ಇನ್ನೊಂದು ಹೊಳೆಯಲ್ಲಿ ಈಜು. ಎಂಬತ್ತರ ದಶಕದ ನಡುವೆ ನಾನು ಮದುವೆಯಾಗಿ ಬಂದ ಮೊದಲ ರವಿವಾರ ಅತ್ತೆ ಬೆಳಗ್ಗೆಯೇ ರೊಟ್ಟಿ ಬಡಿದು ಮುಗಿಸಿ, ಮಧ್ಯಾಹ್ನ ತಲೆಗೆ ಎಣ್ಣೆ ಹಚ್ಚಿಕೊಂಡು ಹೊರಡಲು ಸಜ್ಜಾದಾಗ, ಯಾವುದೋ ಗುಡಿಗೆ ಹೋಗುತ್ತಾರೆಂದುಕೊಂಡೆ. ಅವರು ಹೋದದ್ದು ಮೈದಾನಕ್ಕೆ. ಒಳಗೆ ಅಲ್ಲ. ಆ ಕಾಲದಲ್ಲಿ ಹೆಂಗಸರು ಒಳಗೆ ಹೋಗುತ್ತಿರಲಿಲ್ಲ. ನಾವು ಕೆಲಸ ಮಾಡುತ್ತಿದ್ದ ತಂಬಾಕಿನ ಗೋದಾಮಿನ, ನಮ್ಮ ವಖಾರಿಯ, ಹಿಂದಿನ ಗೋಡೆಗೆ ಅಂಟಿಕೊಂಡೇ ಮೈದಾನ. ಗೋಡೆಯ ಬದಿಗೆ ಹಳೆಯ ಪೆಟ್ಟಿಗೆ ಇಟ್ಟು ನಿಂತರೆ ಅರ್ಧ ಮೈದಾನ ಕಾಣುತ್ತಿತ್ತು. ಅತ್ತೆ ಹರೆಯದಿಂದಲೂ ಹಾಗೆ ಅರ್ಧ ಮೈದಾನವನ್ನೇ ನೋಡುತ್ತ ಬಂದವರು. ಚೆಂಡು ಆಚೆಯ ಅರ್ಧಕ್ಕೆ ಹೋದಾಗ ಜನರ ಕೂಗಿನ ಮೇಲೆಯೇ ಏನಾಯಿತೆಂದು ಹೇಳುತ್ತಿದ್ದರು.

ಆಗ ಊರಿನ ಕಣ್ಣೆಲ್ಲ ಒಬ್ಬನ ಮೇಲೆ. ಅವನು ನಮ್ಮ ಗಲ್ಲಿಯವನೇ, ನಮ್ಮ ಮನೆಯ ಎದುರಿನ ಸಾಲಿನವನು. ವಖಾರಿಯಲ್ಲಿ ಬೋದು, ಅಂದರೆ ತಂಬಾಕಿನ ಮೂಟೆ, ಹೊರುವ ಕೆಲಸ. ತೆಳ್ಳಗೆ, ಮಾತು ಕಡಿಮೆ. ಅವನ ಎಡಗಾಲಿಗೆ ಚೆಂಡು ಸಿಕ್ಕ ಕ್ಷಣ ಮೈದಾನದ ಸದ್ದೇ ಬೇರೆಯಾಗುತ್ತಿತ್ತು. ಜನ ಕೂಗುವುದನ್ನು ಬಿಟ್ಟು ಉಸಿರು ಹಿಡಿಯುತ್ತಿದ್ದರು. ಅವನ ಹೆಂಡತಿ ನನ್ನ ಜೊತೆಗೇ ಜರಡಿ ಹಿಡಿದು ತಂಬಾಕು ಚಾಳಿಸಲು ಕೂರುತ್ತಿದ್ದಳು. ಇಬ್ಬರಿಗೂ ಮೂಗಿಗೆ ಸೆರಗು ಕಟ್ಟಿ ಕಟ್ಟಿ ಅಭ್ಯಾಸವಾಗಿ, ಕಣ್ಣಲ್ಲೇ ಮಾತಾಡಿಕೊಳ್ಳುವಷ್ಟು ಗೆಳೆತನ ಬೆಳೆದಿತ್ತು. ನನ್ನನ್ನು ಅವಳು ಅತ್ತಿಗೆಯ ಹಾಗೆ ವೈನಿ ಎಂದು ಕರೆಯುತ್ತಿದ್ದಳು.

ನಾನು ಬಂದ ಎರಡನೆಯ ವರ್ಷ, ಬೇಸಿಗೆಯ ಕೊನೆಯಲ್ಲಿ ದೊಡ್ಡ ಪಂದ್ಯಾವಳಿಯ ಫೈನಲ್. ಎದುರಿಗೆ ಗಡಿಯಾಚೆಯ ತಂಡ. ಇಬ್ಬರದೂ ಒಂದೊಂದು ಗೋಲ್ ಆಗಿ, ಆಟ ಮುಗಿಯುವ ಹೊತ್ತಿಗೆ ನಮ್ಮವರಿಗೆ ಪೆನಾಲ್ಟಿ ಸಿಕ್ಕಿತು. ಹೊಡೆಯುವವನು ಅವನೇ, ಅದರಲ್ಲಿ ಎರಡು ಮಾತಿರಲಿಲ್ಲ. ಗೋಲು ನಮ್ಮ ಗೋಡೆಯ ಕಡೆಗೇ ಇತ್ತು. ಚೆಂಡು ಅಡ್ಡಗಂಬದ ಮೇಲೆ ಹಾದು, ನಮ್ಮ ತಲೆಯ ಮೇಲೂ ಹಾದು, ವಖಾರಿಯ ಅಂಗಳದಲ್ಲಿ ಬಿತ್ತು. ಎದುರಿನವರು ಕೊನೆಗೆ ಇನ್ನೊಂದು ಗೋಲ್ ಹಾಕಿ ಗೆದ್ದರು.

ಸಂಜೆಯಾಗುವಷ್ಟರಲ್ಲಿ ಊರೆಲ್ಲ ಒಂದು ಮಾತು ಹಬ್ಬಿತು. ಫೈನಲಿನ ಮುನ್ನಾದಿನ ಅವನು ಬಸ್‌ಸ್ಟ್ಯಾಂಡಿನಲ್ಲಿ ಆ ತಂಡದ ಮುಖಂಡನ ಜೊತೆ ಕೂತು ಚಹಾ ಕುಡಿದಿದ್ದನಂತೆ. ಮ್ಯಾಚು ಮಾರಿದ ಎಂದರು. ಇನ್ನೂ ಬೆಳಕಿರುವಾಗಲೇ ಗುಂಪು ಗಲ್ಲಿಗೆ ಬಂತು. ಹಿಂದಿನ ವಾರ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದವರೇ ಎಲ್ಲರೂ. ಅವನ ಮನೆಯ ಮಾಡಿಗೆ ಕಲ್ಲು ಬೀಳತೊಡಗಿದವು. ಒಳಗೆ ಹೆಂಡತಿ, ಕೂಸು. ಅವನು ಬಾಗಿಲಲ್ಲಿ ನಿಂತಿದ್ದ. ಅತ್ತೆ ನಮ್ಮ ಕಟ್ಟೆಯ ಮೇಲೆ ನಿಂತು ಬೈದರು, ಯಾರೂ ಕೇಳಲಿಲ್ಲ. ಅವರ ಬೈಗುಳ ಅರ್ಧಕ್ಕೇ ನಿಂತಿತು. ನಾನು ಅವರ ಕಣ್ಣು ಹೋದ ಕಡೆ ನೋಡಿದೆ. ಗುಂಪಿನಲ್ಲಿ ನನ್ನ ಗಂಡ ಇದ್ದ.

ಮನೆಗೆ ಬಂದ ಗಂಡ, ತಾನು ಬರೀ ನಿಂತಿದ್ದೆನೆಂದ, ಕಲ್ಲು ಒಗೆಯಲಿಲ್ಲವೆಂದ. ನಂಬುವಂತೆಯೇ ಇತ್ತು, ಅವನು ಕೈ ಎತ್ತುವ ಮನುಷ್ಯನಲ್ಲ. ಅತ್ತೆ ಮಾತ್ರ, "ಅಲ್ಲಿ ನಿಂತವನೂ ಒಗದಂಗ" ಎಂದು ಒಳಗೆ ಹೋದರು. ಅಂದಿನಿಂದ ಮಗನ ಜೊತೆ ಮಾತು ಬಿಟ್ಟರು. ಹೇಳಬೇಕಾದದ್ದನ್ನು ನನ್ನ ಕಡೆ ತಿರುಗಿ ಹೇಳುವುದು, ಅವನೂ ನನ್ನ ಕಡೆ ತಿರುಗಿ ಉತ್ತರ ಕೊಡುವುದು. ತಾಯಿ ಮಗನ ನಡುವೆ ನಾನೊಂದು ಟೆಲಿಫೋನ್ ತಂತಿಯಾದೆ.

ಪಂದ್ಯಾವಳಿ ನಡೆಸುವ ಸಮಿತಿಯವರು, ಎದುರುಮನೆಯ ಆಟಗಾರ ಮೋಸ ಮಾಡಿದನೆಂದು, ಅವನನ್ನು ಎರಡು ವರ್ಷ ಆಟದಿಂದ ಹೊರಗಿಟ್ಟರು. ಅವನನ್ನು ಕರೆದು ಒಂದು ಮಾತು ಕೇಳಿರಲಿಲ್ಲ. ಮೈದಾನದ ಗೇಟಿಗೆ ಕಾಗದ ಅಂಟಿಸಿದ ಮೇಲೆಯೇ ಅವನಿಗೆ ಗೊತ್ತಾದದ್ದು. ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ಒಡೆದ ಹೆಂಚುಗಳ ಮೇಲೆ ಅವನು ತಾಡಪತ್ರಿ ಹಾಸಿ ಹಗ್ಗ ಬಿಗಿದ. ಹೊಸ ಹೆಂಚು ಯಾಕೆ ಹಾಕುವುದಿಲ್ಲವೆಂದು ಅವನ ಹೆಂಡತಿಯನ್ನು ಕೇಳಿದೆ. ಒಡೆದವರು ನೋಡುತ್ತ ಇರಲಿ ಅಂತಾನ ವೈನಿ, ಎಂದಳು. ವಖಾರಿಯಲ್ಲಿ ಹೆಂಗಸರು ಅವಳ ಪಕ್ಕದ ಜಾಗ ಖಾಲಿ ಬಿಡತೊಡಗಿದ್ದರು. ನಾನು ಎದ್ದು ಹೋಗಿ ಅಲ್ಲಿ ಕೂತೆ. ಮೇಸ್ತ್ರಿ ನನ್ನ ಜಾಗ ಅದಲ್ಲವೆಂದ. ತಂಬಾಕು ಎಲ್ಲಿ ಕೂತರೂ ಅದೇ ಅಲ್ಲವೇ ಎಂದೆ. ಮದುವೆಯಾಗಿ ಬಂದಮೇಲೆ ನಾನು ಯಾರಿಗಾದರೂ ತಿರುಗಿ ಮಾತಾಡಿದ್ದು ಅದೇ ಮೊದಲು.

ಅವನನ್ನು ಮುಖಾಮುಖಿ ಕೇಳಿದವರು ಅತ್ತೆ ಒಬ್ಬರೇ. ಮಾಡ್ಯೋ ಇಲ್ಲೋ ಎಂದು ಕೇಳಿದರು. ಅವನು ಹೇಳಿದ್ದು ಇಷ್ಟು: "ಚಹಾ ಕುಡದೀನ್ರಿ ಕಾಕಿ. ಬಾಲ್ ಮ್ಯಾಲ ಹೋತು. ಎರಡೂ ಖರೇ. ಒಂದಕ್ಕೊಂದು ಸಂಬಂಧ ಇಲ್ಲ."

ಅತ್ತೆಗೆ ಅಷ್ಟು ಸಾಕಾಯಿತು. ಚಿಕ್ಕೋಡಿಯಲ್ಲಿ ಒಬ್ಬ ವಕೀಲರಿದ್ದರು, ಜೈನರು, ಅಥಣಿ ಕಡೆಯವರು. ನಿಪ್ಪಾಣಿಯ ಆಟ ನೋಡಲು ಬಸ್ಸು ಹತ್ತಿ ಬರುತ್ತಿದ್ದವರು. ಅವರ ಮೂಲಕ ಅವನು ಸಮಿತಿಯ ಮೇಲೆ ಕೋರ್ಟಿಗೆ ದಾವೆ ಹಾಕಿಸಿದ. ತಾರೀಖಿನ ದಿನ ಅವನಿಗೆ ಕೆಲಸ ತಪ್ಪಿಸಲಾಗದಿದ್ದರೆ ಅವನ ಹೆಂಡತಿ ಹೋಗುತ್ತಿದ್ದಳು. ಅವಳಿಗೆ ಜೊತೆಯಾಗಿ ಅತ್ತೆ, ಅತ್ತೆಗೆ ಜೊತೆಯಾಗಿ ನಾನು. ಅತ್ತೆಗೆ ಮರಾಠಿಯೂ ಗಲ್ಲಿಯ ಕನ್ನಡವೂ ಬರುತ್ತಿದ್ದವು, ಕೋರ್ಟಿನ ಕನ್ನಡ ಅಲ್ಲ. ವಕೀಲರು ಹೇಳಿದ್ದನ್ನು ನಾನು ಅವರಿಗೆ ತಿಳಿಸಿ ಹೇಳಬೇಕಿತ್ತು. ಕೋರ್ಟಿನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಕೂತ ನಮ್ಮನ್ನು ಜನ ಹೊಲದ ತಕರಾರಿನವರೆಂದು ತಿಳಿಯುತ್ತಿದ್ದರು. ಯಾರಾದರೂ ಕೇಳಿದರೆ ಅತ್ತೆ, ಫುಟ್‌ಬಾಲ್ ಎಂದು ಹೇಳಿ ಅವರ ಮುಖ ನೋಡುತ್ತ ಕೂರುತ್ತಿದ್ದರು.

ವರ್ಷದ ಮೇಲಾಯಿತು. ತೀರ್ಪಿನ ದಿನವೂ ಹೋದದ್ದು ನಾವು ಮೂವರೇ. ಅವನನ್ನು ಹೊರಗಿಟ್ಟದ್ದು ಸರಿಯಲ್ಲ, ಆ ಆದೇಶ ರದ್ದು ಎಂದು ವಕೀಲರು ಹೊರಗೆ ಬಂದು ಹೇಳಿದರು. ಶಿಕ್ಷೆ ಕೊಡುವ ಮೊದಲು ಅವನನ್ನು ಕರೆದು ಕೇಳಬೇಕಿತ್ತು, ಕೇಳಿಲ್ಲ. ಅವನಿನ್ನು ಆಡಬಹುದು. ಅವನ ಹೆಂಡತಿ ಅಳಲಿಲ್ಲ, ಕೂಸನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. ಅತ್ತೆ ವಕೀಲರ ಕೈಗೆ ಉಳಿದ ಶೇಂಗಾದ ಹೋಳಿಗೆ ಕೊಟ್ಟರು.

ನಮ್ಮ ಬಸ್ಸಿಗಿಂತ ಮೊದಲೇ ಸುದ್ದಿ ಫೋನಿನಲ್ಲಿ ಊರು ಮುಟ್ಟಿತ್ತು. ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಹಲಗಿಯ ಸದ್ದು, ಪಟಾಕಿ, ಗಾಳಿಯಲ್ಲಿ ಗುಲಾಲು. ಅವನ ಹೆಸರು ಹಿಡಿದು ಜಯಕಾರ. ನನಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಪಕ್ಕಕ್ಕೆ ತಿರುಗಿದರೆ ಅವನ ಹೆಂಡತಿ ಕೂಸನ್ನು ಎದೆಗೆ ಅವಚಿಕೊಂಡು ಬಸ್ಸಿನ ಮರೆಗೆ ಸರಿಯುತ್ತಿದ್ದಳು. ಅದೇ ಜನ, ಅದೇ ಗಂಟಲು. ಹೋದ ಸಲ ಅವಳು ಆ ಸದ್ದು ಕೇಳಿದ್ದು ಮಾಡಿನ ಕೆಳಗೆ ಕೂತು.

ಅತ್ತೆ ಅದನ್ನು ನೋಡಿದರು. ಗುಂಪು ಹಲಗಿ ಬಾರಿಸುತ್ತ ದೊಡ್ಡ ರಸ್ತೆಯಲ್ಲಿ ಹೊರಟಿತು. ಅತ್ತೆ ನಮ್ಮಿಬ್ಬರನ್ನು ಎಳೆದುಕೊಂಡು ಒಳದಾರಿಯಲ್ಲಿ ನಡೆದರು. ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ನಡೆದದ್ದನ್ನು ನಾನು ಮತ್ತೆ ನೋಡಲಿಲ್ಲ. ಗುಂಪಿಗಿಂತ ಮೊದಲು ಗಲ್ಲಿ ಮುಟ್ಟಿ, ಗಲ್ಲಿಯ ಬಾಯಿಗೆ ಅಡ್ಡಲಾಗಿ ನೆಲದ ಮೇಲೆ ಕೂತುಬಿಟ್ಟರು. ನಮ್ಮ ಗಲ್ಲಿ ಒಂದು ಎತ್ತಿನ ಗಾಡಿ ಹಿಡಿಯುವಷ್ಟೇ ಅಗಲ. ಅವರನ್ನು ದಾಟದೆ ಒಳಗೆ ಹೋಗುವಂತಿರಲಿಲ್ಲ.

ಗುಂಪು ಬಂತು, ನಿಂತಿತು. ಮುಂದಿದ್ದವನ ಕೈಯಲ್ಲಿ ದೊಡ್ಡ ಹಾರ. ಏಳ ಆಯಿ, ಮಿರವಣಿಗಿ ಹೋಗಬೇಕು ಎಂದ.

"ಹೆಂಚ ತಂದೀರೇನು?" ಎಂದರು ಅತ್ತೆ.

ಅವನಿಗೆ ಅರ್ಥವಾಗಲಿಲ್ಲ. ಅತ್ತೆ ಕೈಯೆತ್ತಿ ತಾಡಪತ್ರಿ ಹೊದ್ದ ಮಾಡು ತೋರಿಸಿದರು. "ಎರಡು ಮಳಿಗಾಲ ಆ ಕೂಸು ಸೋರೂ ಮಾಡಿನ ಬುಡಕ ಮಲಗೇತಿ. ನೀವ ಒಡದದ್ದು ನೀವ ಹಾಕ್ರಿ. ಹೆಂಚು ಹೊದಿಸದ ಇಲ್ಲಿ ಗುಲಾಲ ಹಾರಂಗಿಲ್ಲ."

ಕೆಲವರು ನಕ್ಕರು. ಹಿಂದಿನವರು ಏನಾಯಿತೆಂದು ತಿಳಿಯದೆ ಹಲಗಿ ಬಾರಿಸುತ್ತಲೇ ಇದ್ದರು. ಅಷ್ಟರಲ್ಲಿ ಹಿರಿಯನೊಬ್ಬ, ತಂಡದ ಹಳೆಯ ಅಭಿಮಾನಿ, ಮುಂದೆ ಬಂದ. ಅವನ ಮಾತು ಮೆಲ್ಲಗೇ ಇತ್ತು. ಕೋರ್ಟು ಇವನು ಶುದ್ಧ ಅಂತ ಹೇಳಿಲ್ಲ, ಕೇಳದೆ ಶಿಕ್ಷೆ ಕೊಟ್ಟದ್ದು ತಪ್ಪು ಅಂದಿದೆ ಅಷ್ಟೇ, ಆದರೂ ನಾವು ದೊಡ್ಡ ಮನಸ್ಸು ಮಾಡಿ ಬಂದಿದ್ದೇವೆ ಎಂದ.

ಅತ್ತೆ ಅವನನ್ನೇ ನೋಡಿದರು. "ಹೌದಪಾ, ಕೇಳಲಿಲ್ಲ ಅಂತನ ಹೇಳೇತಿ. ಕಲ್ಲ ಒಗಿಯೂ ಮೊದಲ ನೀವರೆ ಕೇಳಿದ್ರೇನು?"

ಹಲಗಿ ನಿಂತಿತು. ಯಾರೋ ಹಿಂದಿನಿಂದ, ಮುದುಕಿಯನ್ನು ಎತ್ತಿ ಬದಿಗೆ ಇಡ್ರೋ ಎಂದ. ಆಗ ನಾನು ಹೋಗಿ ಅತ್ತೆಯ ಪಕ್ಕದಲ್ಲಿ ಕೂತೆ. ನೋಡುತ್ತಿದ್ದ ವಖಾರಿಯ ಇಬ್ಬರು ಹೆಂಗಸರು ಬಂದು ನನ್ನ ಬದಿಗೆ ಕೂತರು. ಅವನ ಹೆಂಡತಿಯ ಪಕ್ಕದ ಜಾಗ ಖಾಲಿ ಬಿಟ್ಟವರೇ ಅವರು.

ಅಷ್ಟರಲ್ಲಿ ಅವನೇ ಕೆಲಸ ಮುಗಿಸಿ ಬಂದ, ಹೆಗಲ ಮೇಲೆ ಬೋದಿನ ಗೋಣಿತಟ್ಟು. ಜನ ಅವನತ್ತ ನುಗ್ಗಿದರು. ಅವನು ಎಲ್ಲರನ್ನೂ ದಾಟಿ ಬಂದು ಅತ್ತೆಯ ಮುಂದೆ ಬಗ್ಗಿ, ಬಿಡ್ರಿ ಕಾಕಿ, ಆದದ್ದಾತು ಎಂದ. ಅವನಿಗೆ ಆಟ ಬೇಕಿತ್ತು, ಜಗಳ ಬೇಕಿರಲಿಲ್ಲ. ಅತ್ತೆ ಹೇಳಿದರು: "ನೀ ಸುಮ್ಮನಿರು. ಮೈದಾನ ನಿಂದು, ಗಲ್ಲಿ ನಂದು."

ಆಗ ಗುಂಪಿನ ನಡುವಿನಿಂದ ನನ್ನ ಗಂಡ ಹೊರಗೆ ಬಂದ. ಹಣೆಯ ತುಂಬ ಗುಲಾಲು. ತಾಯಿಯ ಕಡೆ ನೋಡದೆ, ಗೋಡೆಗುಂಟ ಬದಿ ಹಿಡಿದು ನಮ್ಮನ್ನು ದಾಟಿ ಮನೆಗೆ ಹೋದ. ಒಳಗೆ ಕೂತುಬಿಟ್ಟನೆಂದುಕೊಂಡೆ. ಅವನು ನಿಚ್ಚಣಿಕೆ ಹೊತ್ತು ಬಂದು ಎದುರುಮನೆಯ ಗೋಡೆಗೆ ಆನಿಸಿದ, ಹತ್ತಿ ತಾಡಪತ್ರಿಯ ಹಗ್ಗ ಬಿಚ್ಚತೊಡಗಿದ. ಅತ್ತೆ ನನ್ನ ಕಡೆ ತಿರುಗಲಿಲ್ಲ. ನೇರವಾಗಿ ಅವನಿಗೇ, "ಹುಷಾರಲೇ, ಆ ಜಂತಿ ಹಾಳಾಗೇತಿ" ಎಂದರು.

ಹೆಂಚು ಮರುದಿನ ಬಂತು. ಯಾರು ತಂದರೆಂದು ಯಾರೂ ಹೇಳಲಿಲ್ಲ. ಹಾರ ಹಿಡಿದವನೂ ಮೇಲೆ ಹತ್ತಿದ, ಆ ಹಿರಿಯನೂ ಕೆಳಗಿನಿಂದ ಹೆಂಚು ಎತ್ತಿ ಕೊಟ್ಟ. ಸಿಟ್ಟಾಗಿ ಬರದವರೂ ಬಹಳ ಜನ ಇದ್ದರು. ಕೋರ್ಟು ಏನೇ ಹೇಳಲಿ, ಅವನು ಮಾರಿದ್ದು ಮಾರಿದ್ದೇ ಎಂದು ಅವರು ಸಾಯುವವರೆಗೂ ಹೇಳಿದರು. ಮಾಡು ಮುಗಿದ ಮೇಲೆ ಅವನ ಹೆಂಡತಿ ಒಂದು ಹಿಡಿ ಗುಲಾಲು ತಂದು ಅತ್ತೆಯ ಮುಂದೆ ನಿಂತು ಅನುಮಾನಿಸಿದಳು. ಅತ್ತೆ ವಿಧವೆ. ಮಾವ ತೀರಿದ ಮೇಲೆ ಹಣೆಗೆ ಬಣ್ಣ ಹಚ್ಚಿಕೊಂಡವರಲ್ಲ. ಹಚ್ಚ ಎಂದು ಅತ್ತೆ ಮುಖ ಮುಂದೆ ಮಾಡಿದರು. ಗಲ್ಲಿಯಲ್ಲಿ ಅದರ ಬಗ್ಗೆಯೂ ಮಾತಾಡಿದರು, ತಿಂಗಳುಗಟ್ಟಲೆ.

ಆದೇಶ ರದ್ದಾದ ಮೇಲೆ ಅವನ ಮೊದಲ ಆಟ ಕಾಗವಾಡದಲ್ಲಿ ಬಂತು. ನಾವು ವಖಾರಿಯ ಹೆಂಗಸರು ಒಂದು ಟ್ರಕ್ಕು ಮಾಡಿಕೊಂಡು ಹೋದೆವು. ಹೆಂಗಸರು ಮೈದಾನಕ್ಕೆ ಯಾಕೆ ಎಂದು ಗಂಡಸರು ಗೊಣಗಿದರು. ಅರ್ಧ ನೋಡಿ ಸಾಕಾಗಿದೆ, ಪೂರ್ತಿ ನೋಡಬೇಕು ಎಂದು ಅತ್ತೆ ಹೇಳಿ ಟ್ರಕ್ಕು ಹತ್ತಿದರು. ಅಲ್ಲಿಯ ಜನ ಅವನ ಕಾಲಿಗೆ ಚೆಂಡು ಬಂದಾಗಲೆಲ್ಲ ಚೋರ ಚೋರ ಎಂದು ಕೂಗಿದರು. ನಾವೂ ಕೂಗಿದೆವು, ಅವನ ಹೆಸರು. ನಮ್ಮ ಗಂಟಲು ಆಟ ಮುಗಿಯುವ ಮೊದಲೇ ಹೋಯಿತು. ಮ್ಯಾಚು ಗೋಲಿಲ್ಲದೆ ಮುಗಿಯಿತು.

ಎರಡು ಹಂಗಾಮು ಆಡಿ ಅವನು ನಿಪ್ಪಾಣಿ ಬಿಟ್ಟ. ರಾಯಬಾಗದ ಕಡೆ ಒಂದು ಸಕ್ಕರೆ ಕಾರ್ಖಾನೆಯವರು ಕಾಯಂ ನೌಕರಿ ಕೊಟ್ಟು ತಮ್ಮ ತಂಡಕ್ಕೆ ಕರೆದರು. ಊರಿನವರು ಮತ್ತೆ ಸಿಟ್ಟಾದರು. ನಮ್ಮ ಹೆಂಚು ತಿಂದು ಓಡಿ ಹೋದ ಎಂದರು. ಆಗ ತೊಂಬತ್ತರ ದಶಕ ಶುರುವಾಗಿತ್ತು. ನನಗೂ ಇಬ್ಬರು ಮಕ್ಕಳಾಗಿದ್ದರು. ಅತ್ತೆಗೆ ಎಲ್ಲರಿಗಿಂತ ಹೆಚ್ಚು ನೋವಾಯಿತು. ಅವನು ಹೇಳಲು ಬಂದ ದಿನ ಅವರು ಊಟ ಮಾಡಲಿಲ್ಲ. ಆದರೂ ಅವನ ಸಂಸಾರ ಗಂಟುಮೂಟೆ ಕಟ್ಟಿಕೊಂಡು ಹೊರಟ ಬೆಳಗ್ಗೆ ಅತ್ತೆ ಬಿಳಿಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಹೋಗುವುದು ಅವನ ಇಷ್ಟ, ಕಾಲು ಅವನವು ಎಂದು ಗಲ್ಲಿಯವರಿಗೆ ಕೇಳುವಂತೆ ಹೇಳಿದರು.

ಮರುವರ್ಷ ರಾಯಬಾಗದಲ್ಲಿ ಆ ಕಾರ್ಖಾನೆಯ ತಂಡಕ್ಕೂ ನಿಪ್ಪಾಣಿಗೂ ಆಟ ಬಿತ್ತು. ನನ್ನ ಗಂಡ ತಾನಾಗಿಯೇ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ಕೂತದ್ದು ನಿಪ್ಪಾಣಿಯವರ ನಡುವೆ. ಆಟದ ಕೊನೆಯ ಹೊತ್ತಿಗೆ, ಈಗ ಎದುರು ತಂಡದಲ್ಲಿದ್ದ ಅವನು ಮೂಲೆಯಿಂದ ಚೆಂಡು ತಂದು, ನಿಪ್ಪಾಣಿಯ ಇಬ್ಬರು ಆಟಗಾರರನ್ನು ದಾಟಿ, ಎಡಗಾಲಿನಿಂದ ಗೋಲಿನ ಮೂಲೆಗೆ ಹೊಡೆದ. ಅತ್ತೆ ಚಪ್ಪಾಳೆ ತಟ್ಟಿದರು, ಒಬ್ಬರೇ. ಮುಂದಿನ ಸಾಲಿನವರೆಲ್ಲ ತಿರುಗಿದರು. ನಮ್ಮ ಮೇಲೆ ಗೋಲ್ ಆಗಿದೆ, ಚಪ್ಪಾಳೆ ಯಾಕೆ ಎಂದು ಒಬ್ಬ ಕೇಳಿದ.

"ಗೋಲ್ ಛಲೋ ಇತ್ತು" ಎಂದರು ಅತ್ತೆ. ತಟ್ಟುವುದನ್ನು ನಿಲ್ಲಿಸಲಿಲ್ಲ.