ಲೈನ್ ಹಿಡಿದು ಕೂತ ಮೌಶಿ

ನೆತ್ತಿಯಿಂದ ಎಡಗಿವಿಯವರೆಗೆ, ಕೂದಲಿನ ನಡುವೆ, ಮೌಶಿಗೆ ಗೆರೆ ಕೊರೆದಂಥ ಒಂದು ತಗ್ಗಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಷ್ಟು ಕಾಲವೂ ಹೆಡ್‌ಫೋನಿನ ಪಟ್ಟಿ ಒತ್ತಿ ಒತ್ತಿ ಮೂಡಿದ ತಗ್ಗು ಅದು. ಎಷ್ಟು ಎಣ್ಣೆ ಹಚ್ಚಿ ಬಾಚಿದರೂ ಅಲ್ಲಿಯ ಕೂದಲು ಎರಡು ಪಾಲಾಗಿಯೇ ನಿಲ್ಲುತ್ತಿತ್ತು. ಮೌಶಿ ಎಂದರೆ ತಾಯಿಯ ಒಡಹುಟ್ಟಿದವಳು; ನನ್ನ ತಾಯಿಗೆ ಅವರು ಅಕ್ಕನೂ ಅಲ್ಲ, ತಂಗಿಯೂ ಅಲ್ಲ. ಉಣಕಲ್ಲಿನ ನಮ್ಮ ಓಣಿಗೆಲ್ಲ ಅವರು ಮೌಶಿ.

ನಿವೃತ್ತಿಯ ನಂತರ ನಮ್ಮ ಬಡಾವಣೆಯ ಆನ್‌ಲೈನ್ ಚರ್ಚಾವೇದಿಕೆಯ ನಿರ್ವಹಣೆಯನ್ನು ಅವರು ತಾವಾಗಿಯೇ ಕೇಳಿ ಪಡೆದರು. "ಮಾರಿ ಕಾಣಲಾರದವ್ರ ಜೋಡಿ ಮಾತಾಡೂದು ನನಗ ರೂಢಿ ಐತಲ್ಲವಾ" ಎಂದರು. ನೀರಿನ ಚರ್ಚೆಯ ನಡುವೆ ಯಾರಾದರೂ ಹಂದಿಗಳ ಕಾಟವನ್ನು ತುರುಕಿದರೆ, "ಕ್ರಾಸ್ ಕನೆಕ್ಷನ್ ಆಗೇತ್ರಿ, ನಿಮ್ಮ ಹಂದಿ ಬ್ಯಾರೆ ಲೈನಿಗೆ ಹಾಕೇನಿ" ಎಂಬ ಉತ್ತರ ಬರುತ್ತಿತ್ತು. ಸಾಲಿನ ತುದಿಗೆ ಹತ್ತಾರು ಉದ್ಗಾರಚಿಹ್ನೆ ಹಾಕಿದವರಿಗೆ, "ಟ್ರಂಕ್ ಕಾಲ್‌ನ್ಯಾಗೂ ಮಂದಿ ಹಿಂಗ ಒದರತಿದ್ರು, ಊರು ದೂರ ಅಂತ. ಒದರಬ್ಯಾಡ್ರಿ, ತಂತಿ ಐತಿ." ಜಗಳಕ್ಕೆ ಅವರ ಅಡ್ಡಿಯಿರಲಿಲ್ಲ. "ಬೈರಿ, ಆದ್ರ 'ರಿ' ಹಚ್ಚಿ ಬೈರಿ" ಎನ್ನುತ್ತಿದ್ದರು.

ವಿಶ್ವವಿದ್ಯಾಲಯದಿಂದ ಆಗಷ್ಟೇ ಹೊರಬಂದಿದ್ದ ನನಗೆ, ಸೌಜನ್ಯವೆಂಬುದು ಅಧಿಕಾರಸ್ಥರ ಅನುಕೂಲಕ್ಕಾಗಿ ಉಳಿದವರಿಗೆ ಕಲಿಸುವ ವಿದ್ಯೆ ಎನಿಸುತ್ತಿತ್ತು. ಈಗಲೂ ಬಹುಮಟ್ಟಿಗೆ ಹಾಗೆಯೇ ಎನಿಸುತ್ತದೆ. ಮೌಶಿಯ ಸೌಜನ್ಯದ ಜಾತಿ ಬೇರೆ.

ಪೈಪು ಹಾಕಲು ಬಂದ ಗುತ್ತಿಗೆದಾರರೊಬ್ಬರು ನಮ್ಮ ಓಣಿಯ ಗಟಾರದ ಮೇಲಿನ ಹಾಸುಗಲ್ಲುಗಳನ್ನು ತೆಗೆಸಿ, ಮರಳಿ ಹಾಕದೆ ಹೋದರು. ಅದರ ಅಂಚಿನಲ್ಲೇ ಮಕ್ಕಳು ಶಾಲೆಗೆ ನಡೆಯಬೇಕು. ಗ್ಯಾರೇಜಿನ ಕಾಕಾ ಅವರ ಹೆಂಡತಿ ಅದರಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಕಾಕಾ ವೇದಿಕೆಯಲ್ಲಿ ಬರೆದದ್ದು ಇಷ್ಟೇ: "ನಮ್ಮ ಮನಿಯಾಕಿ ಬಿದ್ದಾಳ್ರಿ. ಇನ್ನೊಬ್ರು ಬೀಳೂದ್ರಾಗ ಕಲ್ಲು ಹಾಕಸ್ರಿ."

ಮೌಶಿ ಫೋನ್ ಮಾಡಿ ಗುತ್ತಿಗೆದಾರರನ್ನು ವೇದಿಕೆಗೆ ಕರೆತಂದರು. "ಕೇಳ್ರಿ, ಉತ್ತರ ಕೊಡ್ತೇನಿ" ಎಂದು ಗುತ್ತಿಗೆದಾರರು ಬರೆದದ್ದೇ ತಡ, ಮಂದಿ ಮುಗಿಬಿದ್ದರು. ಕಳ್ಳ ಎಂದರು, ಜಾತಿ ತೆಗೆದು ಬೈದರು. ಒಬ್ಬಾತ ಅವರ ಮಗಳ ಮದುವೆಯ ಫೋಟೋ ಹಾಕಿ, "ನಮ್ಮ ಗಟಾರದ ಕಲ್ಲೆಲ್ಲಾ ಈಕಿ ಕೊಳ್ಳಾಗ ಅದಾವ ನೋಡ್ರಿ" ಎಂದು ಬರೆದ. "ಇಂಥಾ ಮಂದಿ ಜೋಡಿ ನನಗ ಮಾತಿಲ್ಲ" ಎಂದು ಗುತ್ತಿಗೆದಾರರು ಸುಮ್ಮನಾದರು. ಮೌಶಿ ಆ ಎಲ್ಲ ಬರಹವನ್ನೂ ಅಳಿಸಿ, ಕಾಕಾ ಅವರ ಮಾತನ್ನಷ್ಟೇ ಉಳಿಸಿದರು.

ನಾನು ಉರಿಯುತ್ತಲೇ ಅವರ ಮನೆಗೆ ಹೋದೆ.

"ಮೌಶಿ, ನೀವು ಯಾರ ಕಡೆ ಅದೀರಿ?"

ಮೆಂತೆಪಲ್ಲೆ ಸೋಸುತ್ತಿದ್ದ ಅವರು ತಲೆ ಎತ್ತಲಿಲ್ಲ. "ಪ್ರಶ್ನಿ ಕಡೆ. ನೀ?"

"ನಾನೂ ಅಲ್ಲೇ ಇದ್ದೇನಿ. ಆದ್ರ ಅಂಥವಗ ಯಾಕ ಮರ್ಯಾದಿ?"

"ಅಂವಾ ಓಡಿಹೋಗಾಕ ಬಾಗಲಾ ಹುಡುಕಾಕತ್ತಿದ್ದ. ಮಂದಿ ಕೂಡಿ ತಗದು ಕೊಟ್ರು. ಈಗ ಅಂವಾ ಮಗಳ ಮಾನಾ ಕಾಯೂ ಅಪ್ಪ ಆಗಿ ಕುಂತ. ಗಟಾರ ಯಾರಿಗೆ ನೆನಪೈತಿ? ಬೈಗುಳಕ್ಕ ಉತ್ತರ ಕೊಡೂದು ಹಗರ, ತಂಗಿ. ಪ್ರಶ್ನಿಗೆ ಕೊಡೂದು ಜಡ."

ಅಲ್ಲೇ, ನನ್ನೆದುರಿಗೇ, ಗುತ್ತಿಗೆದಾರರಿಗೆ ಫೋನ್ ಹಚ್ಚಿದರು. "ಫೋಟೋ ಹಾಕಿದ್ದು ತಪ್ಪಾತ್ರಿ, ಅಳಿಸೇನಿ. ಗಟಾರ ಅಳಸೂದು ಮಾತ್ರ ನನ್ನ ಕೈಲೆ ಆಗಂಗಿಲ್ರಿ. ನೀವ ಬರಬೇಕು."

ಮರುದಿನದಿಂದ ದಿನಾ ಬೆಳಿಗ್ಗೆ ವೇದಿಕೆಯಲ್ಲಿ ಅವರ ಒಂದೇ ಬರಹ: "ನಮಸ್ಕಾರ್ರಿ ಸಾಹೇಬ್ರ. ಕಲ್ಲು ಎಂದು ಹಾಕಸ್ತೀರಿ?" ಗುತ್ತಿಗೆದಾರರು ಒಮ್ಮೆ, "ಬಿಜಿ ಅದೇನಿ, ಆಮ್ಯಾಲೆ ಹೇಳ್ತೇನಿ" ಎಂದರು. ಮೌಶಿ ಬರೆದರು: "ಆಗಲ್ರಿ. ಲೈನ್ ಹಿಡದೇನಿ."

ಓಣಿಗೆ ಆ ಮಾತು ರುಚಿಸಿತು. ಒಬ್ಬೊಬ್ಬರಾಗಿ ಎಲ್ಲರೂ ಅದೇ ಪ್ರಶ್ನೆಯನ್ನು ಅದೇ ನಯದಲ್ಲಿ ಕೇಳತೊಡಗಿದರು. ಹಿರಿಯರೊಬ್ಬರಂತೂ, "ಊಟಾ ಆತೇನ್ರಿ ಸಾಹೇಬ್ರ? ಕಲ್ಲು ಎಂದು ಹಾಕಸ್ತೀರಿ?" ಎಂದು ಉಪಚಾರವನ್ನೂ ಸೇರಿಸಿದರು. ಸಿಟ್ಟಾಗಲು ಒಂದೇ ಒಂದು ಬೈಗುಳವೂ ಸಿಗದೆ ಗುತ್ತಿಗೆದಾರರು ಕೊನೆಗೆ ಎಲ್ಲರೆದುರು ದಿನ ಗೊತ್ತುಮಾಡಿದರು. ಕಲ್ಲು ಬಂದವು, ಆದರೆ ಗ್ಯಾರೇಜಿನವರೆಗೆ ಮಾತ್ರ. ಅಲ್ಲಿಂದ ಶಾಲೆಯವರೆಗೆ ಗಟಾರ ಬಾಯಿ ತೆರೆದೇ ಉಳಿಯಿತು. ಮೌಶಿಯ ಬೆಳಗಿನ ನಮಸ್ಕಾರವೂ ನಿಲ್ಲಲಿಲ್ಲ.

ಈ ಚಳಿಗಾಲದಲ್ಲಿ ಅವರು ತೀರಿಕೊಂಡರು. ವೇದಿಕೆ ನನ್ನ ಪಾಲಿಗೆ ಬಂತು. ಸಂತಾಪದ ಬರಹಗಳಲ್ಲಿ ಗುತ್ತಿಗೆದಾರರದೂ ಒಂದಿತ್ತು: "ಭಾಳ ಛಲೋ ಹೆಣಮಗಳು. ಅಷ್ಟು ನಯಾ ಇದ್ದವ್ರನ್ನ ನಾ ಕಂಡಿಲ್ಲ." ಆ ನಯಕ್ಕೆ ಅರ್ಧ ಉತ್ತರ ಕೊಟ್ಟು, ಅವರು ಸಾಯುವತನಕ ಕಾಯಿಸಿದವರು ನೀವೇ ಎಂದು ಬೆರಳು ಬರೆಯಹೊರಟಿತ್ತು. ಅದು ಸತ್ಯವೂ ಆಗಿತ್ತು. ಆದರೆ ಸಾವಿನ ಮನೆಯಲ್ಲಿ ಅವಮಾನಿಸಿದರು ಎಂದು ಹೇಳಿಕೊಂಡು ಹೋಗುವ ಅವಕಾಶವನ್ನು ನಾನು ಅವರಿಗೆ ಕೊಡಲಾರೆ. ಅಲ್ಲಿ "ಧನ್ಯವಾದ್ರಿ" ಎಂದಷ್ಟೇ ಬರೆದೆ. ಬಳಿಕ ಗಟಾರದ ಚರ್ಚೆಯನ್ನು ತೆರೆದು ಬರೆದೆ: "ನಮಸ್ಕಾರ್ರಿ ಸಾಹೇಬ್ರ. ಸಾಲಿತನಕದ ಕಲ್ಲು ಎಂದು ಹಾಕಸ್ತೀರಿ?"

ನನ್ನ ಸಿಟ್ಟು ನನ್ನದೇ. ಅದನ್ನು ಯಾರಿಗೂ ಒಪ್ಪಿಸಿಲ್ಲ. ಅದು ಕೂಗಾಗಿ ಕರಗದೆ ಪ್ರಶ್ನೆಯಾಗಿ ನಿಲ್ಲುವುದನ್ನು ಕಲಿತದ್ದು ಮಾತ್ರ ಮೌಶಿಯಿಂದ. ಗುತ್ತಿಗೆದಾರರು ಓದಿದ್ದಾರೆ, ಉತ್ತರಿಸಿಲ್ಲ. ಇಂದು ಬೆಳಿಗ್ಗೆ ಮತ್ತೆ ಕೇಳಿದ್ದೇನೆ. ಮಳೆ ಹಿಡಿದರೆ ನಮ್ಮ ಓಣಿಯಲ್ಲಿ ರಸ್ತೆ ಯಾವುದು, ಗಟಾರ ಯಾವುದು ಎಂದು ಮಕ್ಕಳಿಗೆ ಕಾಣುವುದಿಲ್ಲ. ಅದಕ್ಕೂ ಮೊದಲು ಆ ಕಲ್ಲು ಬರಬೇಕು. ಬರಿಸುತ್ತೇನೆ.